ಹಳಿ ಕಾಯಿಸಿದ ಕೈಗೆ ಅಲಾಯ್ ರಿಮ್ ಬಂದಾಗ

ಎರಡು ವರ್ಷದ ಹಿಂದೆ ಒಂದು ರಾತ್ರಿ ಲಿಂಗಸುಗೂರಿನಿಂದ ಸಿಂಧನೂರಿಗೆ ಬರುತ್ತಿದ್ದೆ. ಮಸ್ಕಿ ದಾಟಿ ಸ್ವಲ್ಪ ಮುಂದೆ ಬಂದಿದ್ದೆ, ಒಂದು ಸಣ್ಣ ತಗ್ಗು. ದಿನಾ ಹಾರಿಸುವಂಥದ್ದೇ. ಆವತ್ತು ಮಾತ್ರ ಟಣ್ ಅಂತ ಸದ್ದಾಯಿತು, ಸ್ಟೇರಿಂಗ್ ಎಡಕ್ಕೆ ಎಳೆಯಿತು, ಕಾರು ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಹೋಗಿ ನಿಂತಿತು. ಪಕ್ಕದಲ್ಲಿ ನನ್ನ ಹೆಂಡತಿ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಮಗಳು. ಯಾರಿಗೂ ಏನೂ ಆಗಲಿಲ್ಲ. ಎದುರಿಗೆ ಭತ್ತದ ಲಾರಿ ಬರುತ್ತಿರಲಿಲ್ಲ, ಅಷ್ಟೇ.

ಮೊಬೈಲ್ ಲೈಟ್ ಹಿಡಿದು ಇಳಿದು ನೋಡಿದೆ. ಟೈರ್ ಹರಿದಿರಲಿಲ್ಲ. ರಿಮ್ಮೇ ಒಡೆದಿತ್ತು. ಒಳಗಡೆಯ ಅಂಚಿನಲ್ಲಿ ಅಂಗೈಯಷ್ಟು ತುಂಡು ಕಿತ್ತುಹೋಗಿತ್ತು. ಮುರಿದ ಜಾಗ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಅದೇ ಜಾಗವನ್ನು ನಾಲ್ಕು ತಿಂಗಳ ಹಿಂದೆ ನಾನೇ ರಿಪೇರಿ ಮಾಡಿಸಿದ್ದೆ. ಬೆಂಡ್ ಆಗಿದ್ದ ಅಲಾಯ್ ರಿಮ್ಮನ್ನು ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿಕೊಟ್ಟಿದ್ದರು. ಕೊಟ್ಟದ್ದು ಮುನ್ನೂರು ರೂಪಾಯಿ. 'ಎಷ್ಟು ಬೇಶ್ ಮಾಡ್ಯಾನ' ಅಂತ ಹೊಗಳಿಯೂ ಬಂದಿದ್ದೆ.

ಆ ಅಂಗಡಿಯ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ. ಅವನು ಮೋಸ ಮಾಡಲಿಲ್ಲ. ಅವನ ಅಪ್ಪ, ಅಜ್ಜ ಕಲಿಸಿದ ಕೆಲಸವನ್ನು ಪ್ರಾಮಾಣಿಕವಾಗಿಯೇ ಮಾಡಿದ. ಆ ಕೆಲಸ ಎಲ್ಲಿಂದ ಬಂತು, ಯಾವ ಲೋಹಕ್ಕೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎನ್ನುವುದನ್ನು ತಿಳಿಯಲು ನಮ್ಮ ಭಾಗದ ಗಾಲಿಗಳ ಇತಿಹಾಸವನ್ನು ಒಂದಷ್ಟು ಹಿಂದಕ್ಕೆ ಹೋಗಿ ನೋಡಬೇಕಾಯಿತು. ಈ ಬರಹ ಅದೇ.

ಹಳಿ ಕಟ್ಟುವ ದಿನ

ನಮ್ಮಲ್ಲಿ ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ, ಬಂಡಿ ಗಾಲಿಗೆ ಹಳಿ ಕಟ್ಟುವುದನ್ನು ಕಣ್ಣಾರೆ ಕಂಡಿರುತ್ತಾರೆ. ಗಾಲಿಯ ಮರದ ಕೆಲಸ ಬಡಿಗೇರದು, ಕಬ್ಬಿಣದ ಕೆಲಸ ಕಮ್ಮಾರರದು. ನಡುವೆ ದಪ್ಪನೆಯ ಗುಂಬ, ಅದರಿಂದ ಹೊರಟ ಕಾಲುಗಳು, ಹೊರಸುತ್ತಿಗೆ ಬಾಗಿದ ಮರದ ತುಂಡುಗಳು. ಎರಿ ಹೊಲದ ಬದುವಿನಲ್ಲಿ ತಾನಾಗಿಯೇ ಬೆಳೆಯುವ ಜಾಲಿಮರ ಇದಕ್ಕೆ ಗಟ್ಟಿ. ಇಷ್ಟೆಲ್ಲ ತುಂಡುಗಳನ್ನು ಒಟ್ಟಿಗೆ ಬಿಗಿದು ಹಿಡಿಯುವುದು ಮಾತ್ರ ಹೊರಗಿನ ಕಬ್ಬಿಣದ ಪಟ್ಟಿ. ಅದೇ ಹಳಿ. ಇಂದಿನ ಕಾರಿನಲ್ಲಿ ರಿಮ್ ಮತ್ತು ಟೈರ್ ಎರಡೂ ಸೇರಿ ಮಾಡುವ ಕೆಲಸವನ್ನು ಅಂದು ಹಳಿ ಒಂದೇ ಮಾಡುತ್ತಿತ್ತು.

ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಹಳಿ ಸಡಿಲಾಗುತ್ತದೆ. ಸ್ವಲ್ಪ ಸಡಿಲಾದರೆ ಗಾಲಿಯನ್ನು ಬಿಚ್ಚಿ ಹಳ್ಳದ ನೀರಿನಲ್ಲಿ ನೆನೆಹಾಕುತ್ತಿದ್ದರು, ಮರ ಉಬ್ಬಿ ಬಿಗಿಯಾಗುತ್ತಿತ್ತು. ಹೆಚ್ಚು ಸಡಿಲಾದರೆ ಹಳಿಯನ್ನೇ ಕತ್ತರಿಸಿ, ಚಿಕ್ಕದು ಮಾಡಿ, ಮತ್ತೆ ಬೆಸೆದು ಕಟ್ಟಬೇಕು. ಮುಂಗಾರಿಗೆ ಮುಂಚೆ ಕುಲುಮೆ ಮುಂದೆ ಗಾಲಿಗಳ ಸಾಲು ಇರುತ್ತಿತ್ತು ಅಂತ ನಮ್ಮ ಅಜ್ಜ ಹೇಳುತ್ತಿದ್ದ. ಕೂಲಿ ರೊಕ್ಕದಲ್ಲಿ ಅಲ್ಲ, ಸುಗ್ಗಿಯಲ್ಲಿ ಕಣಕ್ಕೆ ಬಂದು ಒಯ್ಯುವ ಆಯದ ಜೋಳದಲ್ಲಿ.

ಕಟ್ಟುವ ವಿಧಾನ ಹೀಗೆ. ಹಳಿಯನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಮಾಡುತ್ತಾರೆ. ನೆಲದ ಮೇಲೆ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕಾದ ಕಬ್ಬಿಣ ಹಿಗ್ಗುತ್ತದೆ. ಲೆಕ್ಕ ಹಾಕಿದರೆ, 1.4 ಮೀಟರ್ ಎತ್ತರದ ಗಾಲಿಯ ಹಳಿಯ ಉದ್ದ ಸುಮಾರು 4.4 ಮೀಟರ್. ಅದು 500 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು ಒಂದು ಇಂಚು ಉದ್ದವಾಗುತ್ತದೆ. ಆ ಒಂದು ಇಂಚಿನ ಅವಕಾಶದಲ್ಲಿ ನಾಲ್ಕೈದು ಜನ ಇಕ್ಕಳ ಹಿಡಿದು ಹಳಿಯನ್ನು ಎತ್ತಿ ಗಾಲಿಗೆ ತೊಡಿಸಬೇಕು, ಬಡಿದು ಕೂಡಿಸಬೇಕು, ಮರ ಹೊತ್ತಿಕೊಳ್ಳುವ ಮೊದಲೇ ಕೊಡಗಟ್ಟಲೆ ನೀರು ಸುರಿಯಬೇಕು. ತಣ್ಣಗಾಗುತ್ತ ಹಳಿ ಕುಗ್ಗುತ್ತದೆ, ಇಡೀ ಗಾಲಿ ಕಿರ್ರೆಂದು ಬಿಗಿಯುತ್ತದೆ. ಮೊಳೆಗಿಂತ ಹೆಚ್ಚಾಗಿ ಈ ಬಿಗಿಯೇ ಗಾಲಿಯನ್ನು ವರ್ಷಗಟ್ಟಲೆ ಹಿಡಿದಿಡುತ್ತಿತ್ತು.

ಕಮ್ಮಾರನ ಹತ್ತಿರ ಬಿಸಿ ಅಳೆಯುವ ಯಂತ್ರ ಇರಲಿಲ್ಲ. ಅವನು ಬಣ್ಣ ನೋಡುತ್ತಿದ್ದ. ಕಬ್ಬಿಣ ಮೊದಲು ಮಾಸಲು ಕೆಂಪು, ಆಮೇಲೆ ಚೆರ್ರಿ ಕೆಂಪು, ಆಮೇಲೆ ಕಿತ್ತಳೆ, ಹಳದಿ, ಬಿಳಿ. ಎಲ್ಲಿ ಬಾಗುತ್ತದೆ, ಎಲ್ಲಿ ಬೆಸೆಯುತ್ತದೆ, ಎಲ್ಲಿ ಸುಟ್ಟು ಹಾಳಾಗುತ್ತದೆ ಎಂದು ಬಣ್ಣವೇ ಹೇಳುತ್ತಿತ್ತು. ಸಂಜೆಗತ್ತಲಲ್ಲಿ ಬಣ್ಣ ಚೆನ್ನಾಗಿ ಕಾಣುತ್ತದೆ ಅಂತ ಕೆಲವು ಕೆಲಸಗಳನ್ನು ನೆರಳಿನಲ್ಲೇ ಮಾಡುತ್ತಿದ್ದರು. ಈ ಬಣ್ಣದ ಮಾತನ್ನು ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಇದೇ ನಮಗೆ ಕೈಕೊಡುತ್ತದೆ.

ಮಸ್ಕಿಯ ಮಣ್ಣಿನಲ್ಲಿ ಕಬ್ಬಿಣ

ಮಸ್ಕಿ ಎಂದರೆ ಎಲ್ಲರಿಗೂ ಅಶೋಕನ ಶಾಸನ ನೆನಪಾಗುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಇದನ್ನು ಬೆಳಕಿಗೆ ತಂದ. 'ದೇವಾನಾಂಪ್ರಿಯ' ಎಂದರೆ ಅಶೋಕನೇ ಎಂದು ಗಟ್ಟಿಯಾಗಿ ಹೇಳಲು ಈ ಶಾಸನದಲ್ಲಿದ್ದ ಅವನ ಹೆಸರೇ ಆಧಾರವಾಯಿತು. ಶಾಲೆಯಲ್ಲಿ ನಾವು ಓದುವುದು ಇಷ್ಟು.

ಆದರೆ ಅದೇ ಮಸ್ಕಿಯಲ್ಲಿ 1954ರಲ್ಲಿ ಪುರಾತತ್ವ ಇಲಾಖೆಯ ಬಿ. ಕೆ. ಥಾಪರ್ ಉತ್ಖನನ ಮಾಡಿದಾಗ ಇನ್ನೊಂದು ಕಥೆ ಸಿಕ್ಕಿತು. ಕೆಳಗಿನ ಪದರದಲ್ಲಿ ಕಲ್ಲಿನ ಉಪಕರಣ ಮತ್ತು ಒಂದಿಷ್ಟು ತಾಮ್ರ ಬಳಸುತ್ತಿದ್ದ ಜನ. ಅದರ ಮೇಲಿನ ಪದರದಲ್ಲಿ ದೊಡ್ಡ ಕಲ್ಲುಗಳನ್ನಿಟ್ಟು ಗೋರಿ ಕಟ್ಟುತ್ತಿದ್ದ, ಕಬ್ಬಿಣ ಬಳಸುತ್ತಿದ್ದ ಜನ. ಅಂದರೆ ನಮ್ಮ ಈ ನೆಲದಲ್ಲಿ ಕಬ್ಬಿಣವನ್ನು ಕಾಯಿಸಿ ಬಡಿಯುವ ಕೆಲಸಕ್ಕೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಬಳಕೆ ಇದೆ. ಅಷ್ಟು ಕಾಲದ ಕೈರೂಢಿ ಒಂದು ಕಸುಬಿನಲ್ಲಿ ಸೇರಿಕೊಂಡಾಗ ಅದನ್ನು ಯಾರೂ ಪುಸ್ತಕದಲ್ಲಿ ಬರೆದಿಡುವುದಿಲ್ಲ. ಮಗ ಅಪ್ಪನ ಎದುರು ಕೂತು ತಿದಿ ಒತ್ತುತ್ತ ಕಲಿಯುತ್ತಾನೆ.

ಗಾಲಿಗೆ ನಮ್ಮ ಭಾಗದಲ್ಲಿ ಇಷ್ಟು ಬೆಲೆ ಬರಲು ಇನ್ನೊಂದು ಕಾರಣ ರೈಲು ಇಲ್ಲದ್ದು. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ, ಮದ್ರಾಸ್ ಕಡೆಯ ಹಳಿ ಮತ್ತು ಮುಂಬೈ ಕಡೆಯ ಹಳಿ ಅಲ್ಲಿ ಕೂಡಿದಾಗ. ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ನಡುವಿನ ನೂರೈವತ್ತು ವರ್ಷ ನಮ್ಮ ಹತ್ತಿ, ಜೋಳ, ಆಮೇಲೆ ಭತ್ತ, ಎಲ್ಲವೂ ರಸ್ತೆಯ ಗಾಲಿ ಮೇಲೆಯೇ ಹೋಗಬೇಕಿತ್ತು. ಲಿಂಗಸುಗೂರು ನಿಜಾಮರ ಕಾಲದಲ್ಲಿ ದಂಡಿನ ಊರು, 1905ರವರೆಗೆ ತನ್ನದೇ ಹೆಸರಿನ ಜಿಲ್ಲೆಗೆ ಕೇಂದ್ರ. ಅಂಥ ಊರಿಗೂ ರೈಲು ಇರಲಿಲ್ಲ. ರೈಲಿನ ಕಂಬಿಗೂ ಬಂಡಿಯ ಪಟ್ಟಿಗೂ ನಾವು ಒಂದೇ ಹೆಸರು ಇಟ್ಟಿದ್ದೇವೆ, ಹಳಿ ಅಂತ. ನಮಗೆ ಮಾತ್ರ ಬಹಳ ವರ್ಷ ಎರಡನೆಯದೇ ಗತಿಯಾಯಿತು.

ಗಾಳಿ ತುಂಬಿದ ಟೈರ್, ಬೀದಿಯ ಹೆಸರಿನ ಸ್ಟೆಪ್ನಿ

1888ರಲ್ಲಿ ಜಾನ್ ಬಾಯ್ಡ್ ಡನ್‌ಲಾಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಅಲ್ಲಿಂದ ಗಾಲಿಯ ಕೆಲಸ ಎರಡು ಪಾಲಾಯಿತು. ನೆಲಕ್ಕೆ ತಾಗುವ ಕೆಲಸ ರಬ್ಬರಿಗೆ, ರಬ್ಬರನ್ನು ಹಿಡಿದಿಡುವ ಕೆಲಸ ಲೋಹದ ರಿಮ್ಮಿಗೆ.

ಮೊದಲ ಕಾರುಗಳಲ್ಲಿ ಹೆಚ್ಚುವರಿ ಗಾಲಿ ಇರುತ್ತಿರಲಿಲ್ಲ. ಪಂಚರ್ ಆದರೆ ರಸ್ತೆ ಮೇಲೆಯೇ ಕೂತು ಟೈರ್ ಬಿಚ್ಚಬೇಕು. 1904ರಲ್ಲಿ ವೇಲ್ಸ್ ನಾಡಿನ ಲನೆಲಿ ಎಂಬ ಪಟ್ಟಣದಲ್ಲಿ ಡೇವಿಸ್ ಎಂಬ ಅಣ್ಣತಮ್ಮಂದಿರು ಇದಕ್ಕೆ ಉಪಾಯ ಕಂಡುಹಿಡಿದರು. ಕಾಲುಗಳಿಲ್ಲದ ಬರೀ ಒಂದು ರಿಮ್, ಅದಕ್ಕೆ ಮೊದಲೇ ಗಾಳಿ ತುಂಬಿದ ಟೈರ್. ಪಂಚರ್ ಆದ ಗಾಲಿಯ ಪಕ್ಕಕ್ಕೆ ಅದನ್ನು ಕ್ಲ್ಯಾಂಪ್ ಹಾಕಿ ಬಿಗಿದು ಮುಂದೆ ಹೋಗುವುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಅದೇ ಹೆಸರು ವಸ್ತುವಿಗೂ ಬಂತು. ಆ ದೇಶದ ಮಾತಿನಲ್ಲಿ ಈಗ ಈ ಪದ ಬಹುತೇಕ ಹೋಗಿದೆ, ನಮ್ಮ ಸಿಂಧನೂರಿನ ಪಂಚರ್ ಅಂಗಡಿಯಲ್ಲಿ ಇನ್ನೂ ಇದೆ. ನಮ್ಮವರು ದಿನಕ್ಕೆ ಹತ್ತು ಸಲ ಹೇಳುವ ಸ್ಟೆಪ್ನಿ ಮೂಲದಲ್ಲಿ ಒಂದು ರಿಮ್ಮಿನ ಹೆಸರು.

ನಿಜಾಮರ ರಾಜ್ಯದಲ್ಲಿ ಸರ್ಕಾರಿ ಬಸ್ಸು ಶುರುವಾದದ್ದು 1932ರಲ್ಲಿ. ರೈಲ್ವೆಯ ಒಂದು ವಿಭಾಗವಾಗಿ 27 ಬಸ್ಸುಗಳಿಂದ ಅದು ಆರಂಭವಾಯಿತು. ಅದೇ ದಶಕದಲ್ಲಿ ಡನ್‌ಲಾಪ್ ಕಂಪನಿ ಎತ್ತಿನ ಬಂಡಿಗೂ ಗಾಳಿ ಟೈರ್ ಮಾಡಿತು, 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆ ತೆರೆಯಿತು. ಇದನ್ನೇ ನಾವು ಟೈರ್ ಬಂಡಿ ಎನ್ನುವುದು. ಎತ್ತಿಗೆ ಎಳೆಯುವುದು ಹಗುರ, ಭಾರ ಹೆಚ್ಚು ಹೇರಬಹುದು, ರಸ್ತೆ ಕೊರೆಯುವುದಿಲ್ಲ. ಆದರೂ ಕಬ್ಬಿಣದ ಹಳಿ ಒಂದೇಟಿಗೆ ಹೋಗಲಿಲ್ಲ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ 1970ರ ದಶಕದ ಕೊನೆಗೂ ಎತ್ತಿನ ಬಂಡಿಯ ಸುಧಾರಣೆಗೆ ಓಡಾಡುತ್ತಿದ್ದರು. ಎತ್ತಿನ ಕುತ್ತಿಗೆಯ ಗಾಯ, ಬಂಡಿಯ ತೂಕ, ಗಾಲಿಯ ವಿನ್ಯಾಸ ಇವೆಲ್ಲ ಮ್ಯಾನೇಜ್‌ಮೆಂಟ್ ವಿಷಯವೇ ಎಂದು ಹೇಳಿದವರು ಅವರು.

ಕಾಲುವೆ ಬಂತು, ಕುಲುಮೆ ಹೆದ್ದಾರಿಗೆ ಬಂತು

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಯಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು ಭಾಗಕ್ಕೆ ಹರಿದ ಮೇಲೆ ಎರಿ ಹೊಲ ಗದ್ದೆಯಾಯಿತು. ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಬಂದವು, ಟ್ರ್ಯಾಕ್ಟರ್ ಮತ್ತು ಲಾರಿ ಬಂದವು. 1960ರಲ್ಲಿ ಮದ್ರಾಸಿನ ಪಾಡಿಯಲ್ಲಿ ವೀಲ್ಸ್ ಇಂಡಿಯಾ ಎಂಬ ಕಂಪನಿ ಆರಂಭವಾಗಿ, ಸ್ಟೀಲ್ ಗಾಲಿಗಳು ನಮ್ಮ ದೇಶದಲ್ಲೇ ತಯಾರಾಗತೊಡಗಿದವು.

ಹಳಿ ಕಟ್ಟುವ ಕೆಲಸ ಕಡಿಮೆಯಾದಂತೆ ಕಮ್ಮಾರರ ಮನೆಯ ಹುಡುಗರು ಊರು ಬಿಟ್ಟು ರಸ್ತೆ ಬದಿಗೆ ಬಂದರು. ಟ್ರೈಲರ್ ಕಟ್ಟುವುದು, ವೆಲ್ಡಿಂಗ್, ಲೇತ್, ರಿಮ್ ಬೆಂಡ್ ತೆಗೆಯುವುದು. ಇಂದಿಗೂ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಪೋಣಿಸುವ 150ಎ ಹೆದ್ದಾರಿಯ ಪಕ್ಕ ನೋಡುತ್ತ ಹೋದರೆ, ಶೆಡ್ಡಿನ ಮುಂದೆ ಹಳೆಯ ಅಡಿಗಲ್ಲು ಕಾಣುತ್ತದೆ. ಅಜ್ಜನ ಅಡಿಗಲ್ಲು, ಮೊಮ್ಮಗನ ಗ್ಯಾಸ್ ಕಟ್ಟರ್.

ಸ್ಟೀಲ್ ರಿಮ್ ಅವರಿಗೆ ಕಷ್ಟವಾಗಲಿಲ್ಲ. ಸ್ಟೀಲ್ ಎಂದರೂ ಕಬ್ಬಿಣವೇ. ಅಂಚು ಬಾಗಿದರೆ ಬಡಿದು ತೆಗೆಯಬಹುದು. ಕಾಯಿಸಿದರೆ ಕೆಂಪಾಗುತ್ತದೆ, ಅಜ್ಜ ಹೇಳಿಕೊಟ್ಟ ಬಣ್ಣವೇ. ಆಗಿನ ಅಂಬಾಸಿಡರ್, ಜೀಪು, ಲಾರಿ ಎಲ್ಲದರ ಟೈರಿನೊಳಗೆ ಟ್ಯೂಬ್ ಇರುತ್ತಿತ್ತು. ಗಾಳಿ ಹಿಡಿಯುವುದು ಟ್ಯೂಬಿನ ಕೆಲಸ. ರಿಮ್ಮಿನ ಅಂಚು ಸ್ವಲ್ಪ ಸೊಟ್ಟ ಇದ್ದರೂ ಗಾಳಿ ಸೋರುತ್ತಿರಲಿಲ್ಲ. ಹೀಗಾಗಿ ಒರಟು ರಿಪೇರಿಯೂ ನಡೆದುಹೋಗುತ್ತಿತ್ತು.

ಒಂದು ಅಪಾಯ ಮಾತ್ರ ಆಗಲೇ ಇತ್ತು. ಲಾರಿ ರಿಮ್ಮು ಒಂದೇ ತುಂಡಿನದಲ್ಲ. ಟೈರ್ ಹಾಕಿದ ಮೇಲೆ ಪಕ್ಕದಲ್ಲಿ ಒಂದು ಲಾಕ್ ರಿಂಗ್ ಕೂಡಿಸುತ್ತಾರೆ. ತುಕ್ಕು ಹಿಡಿದ ಅಥವಾ ಸೊಟ್ಟಗಾದ ರಿಂಗ್ ಸರಿಯಾಗಿ ಕೂರದೆ ಇದ್ದಾಗ ಗಾಳಿ ತುಂಬಿದರೆ, ಅದು ಗುಂಡಿನಂತೆ ಹಾರುತ್ತದೆ. ಕಾರಿನ ಟೈರಿಗೆ ನಾವು 30ರಿಂದ 35 ಪೌಂಡ್ ಗಾಳಿ ಹಿಡಿಸುತ್ತೇವೆ, ಲಾರಿಗೆ 100 ದಾಟುತ್ತದೆ. ಎಷ್ಟೋ ಪಂಚರ್ ಅಂಗಡಿಯವರ ಹಲ್ಲು, ದವಡೆ, ಜೀವ ಹೋದದ್ದು ಹೀಗೆಯೇ. ಇಂಥದೇ ಸಾವುಗಳನ್ನು ಕಂಡ ಅಮೆರಿಕ 1980ರಲ್ಲಿ ಇದಕ್ಕೆಂದೇ ನಿಯಮ ಮಾಡಿತು: ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕು, ಕೆಲಸ ಮಾಡುವವನಿಗೆ ತರಬೇತಿ ಇರಬೇಕು, ಬಿರುಕು ಬಿಟ್ಟ ಭಾಗವನ್ನು ವೆಲ್ಡ್ ಮಾಡಿ ಮತ್ತೆ ಬಳಸಬಾರದು. ನಮ್ಮ ಹೆದ್ದಾರಿ ಬದಿಯ ಎಷ್ಟು ಅಂಗಡಿಗಳಲ್ಲಿ ಪಂಜರ ಇದೆ, ನೀವೇ ನೋಡಿ ಹೇಳಿ.

ಲೋಹ ಬದಲಾಯಿತು, ಸುದ್ದಿ ಬರಲಿಲ್ಲ

ಕಾರಿಗೆ ಅಲ್ಯೂಮಿನಿಯಂ ಗಾಲಿ ಹೊಸದೇನಲ್ಲ. 1924ರಲ್ಲಿ ಫ್ರಾನ್ಸಿನ ಬುಗಾಟಿ ಕಂಪನಿ ತನ್ನ ಟೈಪ್ 35 ರೇಸ್ ಕಾರಿಗೆ ಅದನ್ನು ಹಾಕಿತ್ತು. ನಮ್ಮಲ್ಲಿ ಮಾತ್ರ ಅದು ಬಹಳ ದಿನ ಶ್ರೀಮಂತರ ಸೊಗಸಾಗಿತ್ತು. 1983ರಲ್ಲಿ ಬಂದ ಮಾರುತಿ 800 ಕಾರಿಗೆ 12 ಇಂಚಿನ ಸ್ಟೀಲ್ ರಿಮ್. ಈಗ ಮಧ್ಯಮ ಬೆಲೆಯ ಕಾರಿಗೂ 15, 16, 17 ಇಂಚಿನ ಅಲಾಯ್. ಸಿಂಧನೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೂ ಮೊದಲು ಕೇಳುವುದು 'ಅಲಾಯ್ ಐತೇನ್ರಿ?' ಅಂತ. ನಾನೂ ಹಾಗೆ ಕೇಳಿಯೇ ಕೊಂಡವನು.

ಇದರ ಜೊತೆಗೆ ಎರಡು ಬದಲಾವಣೆ ಸದ್ದಿಲ್ಲದೆ ಬಂದವು. ಒಂದು, ಟ್ಯೂಬ್ ಹೋಯಿತು. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಟೈರಿನ ಅಂಚು ಮತ್ತು ರಿಮ್ಮಿನ ಅಂಚು ಕೂಡುವ ಜಾಗ. ಅಂಚು ಚೂರು ಸೊಟ್ಟಗಾದರೂ ಗಾಳಿ ಸೋರುತ್ತದೆ. ಎರಡು, ಟೈರಿನ ಪಕ್ಕೆ ಗಿಡ್ಡವಾಯಿತು. ನಿಮ್ಮ ಟೈರಿನ ಮೇಲೆ 195/55 ಆರ್ 16 ಎಂದು ಬರೆದಿದೆ ಎಂದುಕೊಳ್ಳಿ. ಟೈರಿನ ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ 55 ಶೇಕಡಾ, ಅಂದರೆ 107 ಮಿಲಿಮೀಟರ್, ರಿಮ್ 16 ಇಂಚು. ಹಳೆಯ ಅಂಬಾಸಿಡರ್ ಟೈರಿನ ಪಕ್ಕೆ ಇದಕ್ಕಿಂತ ಎತ್ತರ. ತಗ್ಗಿನ ಏಟನ್ನು ಮೊದಲು ರಬ್ಬರ್ ನುಂಗುತ್ತಿತ್ತು, ಈಗ ಬಹಳಷ್ಟು ರಿಮ್ಮಿಗೇ ಬೀಳುತ್ತದೆ.

ತಗ್ಗು ಎಲ್ಲಿಂದ ಬರುತ್ತದೆ ಎನ್ನುವುದೂ ನಮ್ಮ ಊರಿನದೇ ಕಥೆ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಕುಣಿಯುತ್ತದೆ. ಅದರ ಮೇಲೆ ಭತ್ತದ ಲಾರಿ. ನಾಟಿ ದಿನಗಳಲ್ಲಿ ಗದ್ದೆ ಕಲಸುವ ಕಬ್ಬಿಣದ ಕೇಜ್ ವೀಲ್ ಬಿಚ್ಚದೆ ಟ್ರ್ಯಾಕ್ಟರ್ ಅನ್ನು ಡಾಂಬರಿನ ಮೇಲೆಯೇ ಓಡಿಸುತ್ತಾರೆ. ಕಬ್ಬಿಣದ ಗಾಲಿ ರಸ್ತೆ ಕೊರೆಯುತ್ತದೆ ಅಂತ ರಬ್ಬರ್ ಬಂತು. ಈಗ ಮತ್ತೆ ಕಬ್ಬಿಣ ಕೊರೆದ ರಸ್ತೆಯಲ್ಲಿ ಅಲ್ಯೂಮಿನಿಯಂ ಬಾಗುತ್ತಿದೆ.

ಈಗ ಬಣ್ಣದ ವಿಷಯಕ್ಕೆ ಬರೋಣ. ಕಬ್ಬಿಣ ಸುಮಾರು 1,500 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕಿಂತ ಎಷ್ಟೋ ಮುಂಚೆಯೇ ಕೆಂಪಾಗಿ ಎಚ್ಚರಿಕೆ ಕೊಡುತ್ತದೆ. ರಿಮ್ಮಿನ ಅಲ್ಯೂಮಿನಿಯಂ ಮಿಶ್ರಲೋಹ 600 ಡಿಗ್ರಿ ಆಸುಪಾಸಿನಲ್ಲೇ ಕರಗಿಬಿಡುತ್ತದೆ, ಅಲ್ಲಿಯವರೆಗೂ ಬೆಳ್ಳಗೆ ಇದ್ದಂತೆಯೇ ಇರುತ್ತದೆ. ಬಣ್ಣ ನೋಡಿ ಬಿಸಿ ಅಳೆಯುವ ಕಣ್ಣಿಗೆ ಇಲ್ಲಿ ಕೆಲಸವೇ ಇಲ್ಲ.

ಇನ್ನೂ ಒಂದು ಮಾತಿದೆ. ಅಲಾಯ್ ರಿಮ್ಮಿಗೆ ಗಟ್ಟಿತನ ಬರುವುದು ಎರಕದಿಂದ ಮಾತ್ರ ಅಲ್ಲ. ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಅದನ್ನು 500 ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ ನೂರೈವತ್ತು ಡಿಗ್ರಿಗಿಂತ ಸ್ವಲ್ಪ ಹೆಚ್ಚಿನ ಹದವಾದ ಬಿಸಿಯಲ್ಲಿ ಇಟ್ಟು ಗಟ್ಟಿ ಮಾಡಿರುತ್ತಾರೆ. ಗ್ಯಾಸ್ ಬೆಂಕಿ ಒಂದು ಕಡೆ ತಾಗಿ 200 ಡಿಗ್ರಿ ದಾಟಿತೆಂದರೆ ಆ ಜಾಗದ ಹದ ಕೆಡತೊಡಗುತ್ತದೆ. ತಣ್ಣಗಾದ ಮೇಲೆ ನೋಡಲು ಹೊಸದರಂತೆಯೇ ಇರುತ್ತದೆ, ಕಸುವು ಮಾತ್ರ ಹೋಗಿರುತ್ತದೆ. ಕಬ್ಬಿಣ ಏಟು ತಿಂದರೆ ಬಾಗಿ ಉಳಿಯುತ್ತದೆ, ಎರಕದ ಅಲ್ಯೂಮಿನಿಯಂ ಸ್ವಲ್ಪವೇ ಬಾಗಿ ಆಮೇಲೆ ಸೀಳುತ್ತದೆ. ಬಡಿದು ನೆಟ್ಟಗೆ ಮಾಡುವಾಗಲೇ ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಹುಟ್ಟಬಹುದು. ನನ್ನ ಕಾರಿನಲ್ಲಿ ಆದದ್ದು ಇದೇ ಎಂದು ಆ ಮುರಿದ ತುಂಡನ್ನು ನೋಡಿದ ಮೆಕ್ಯಾನಿಕ್ ಒಬ್ಬರು ಹೇಳಿದರು. ಹಳೆಯ ಬಿರುಕಿನ ಭಾಗ ಮಸಿ ಹಿಡಿದು ಕಪ್ಪಾಗಿತ್ತು, ಆ ರಾತ್ರಿ ಮುರಿದ ಭಾಗ ಮಾತ್ರ ಹೊಳೆಯುತ್ತಿತ್ತು.

ಆ ತುಂಡನ್ನು ನಾನು ರಿಪೇರಿ ಮಾಡಿದವನಿಗೇ ಒಯ್ದು ತೋರಿಸಿದೆ. ಜಗಳಕ್ಕೆ ಹೋದದ್ದೇ ನಿಜ. ಅವನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. "ಅಣ್ಣಾ, ಇದು ಕೆಂಪಾಗಲೇ ಇಲ್ಲ ನೋಡು. ಇನ್ನೂ ಕಾದಿಲ್ಲ ಅಂತ ತಿಳಕೊಂಡು ಮತ್ತಷ್ಟು ಬೆಂಕಿ ಕೊಟ್ಟೆ" ಅಂದ. ಆಮೇಲೆ ಕೇಳಿದ, "ನಮಗ ಯಾರು ಹೇಳಬೇಕಾಗಿತ್ತು ಇದನ್ನ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾರು ಮಾರಿದವರು ಹೇಳಲಿಲ್ಲ. ಕೊಂಡ ನಾನು ಕೇಳಲಿಲ್ಲ. ಗಾಲಿ ರಿಮ್ಮುಗಳಿಗೆ ಬಿಐಎಸ್ ಗುರುತು ಇರಬೇಕೆಂದು ಕೇಂದ್ರ ಸರ್ಕಾರ 2020ರಲ್ಲಿ ಆದೇಶ ಹೊರಡಿಸಿತು. ಅದು ಹೊಸ ರಿಮ್ ಮಾಡುವವರಿಗೆ. ರಸ್ತೆ ಬದಿಯಲ್ಲಿ ಹಳೆಯ ರಿಮ್ ನೆಟ್ಟಗೆ ಮಾಡುವವನ ಶೆಡ್ಡಿಗೆ ಆ ಕಾಗದ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಇತಿಹಾಸ ಓದಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಟೈರ್ ಅಂಗಡಿಯವರು, ಮೆಕ್ಯಾನಿಕ್‌ಗಳು ಮತ್ತು ಗಾಲಿ ಬಗ್ಗೆ ಓದಿದವರಿಂದ ತಿಳಿದುಕೊಂಡದ್ದನ್ನು ಸರಳವಾಗಿ ಇಡುತ್ತೇನೆ. ಶೇರ್ ಮಾಡಿಕೊಳ್ಳಿ.

ಮೊದಲು ನಿಮ್ಮ ರಿಮ್ ಯಾವುದೆಂದು ತಿಳಿಯಿರಿ. ಒಂದು ಅಯಸ್ಕಾಂತ ಸಾಕು. ಅಂಟಿದರೆ ಸ್ಟೀಲ್, ಅಂಟದಿದ್ದರೆ ಅಲಾಯ್. ಪ್ಲಾಸ್ಟಿಕ್ ವೀಲ್ ಕ್ಯಾಪ್ ಇದ್ದರೆ ಅದನ್ನು ತೆಗೆದು ನೋಡಿ.

ಸ್ಟೀಲ್ ರಿಮ್ಮಿನ ಅಂಚು ಸ್ವಲ್ಪ ಬಾಗಿದ್ದರೆ ನೆಟ್ಟಗೆ ಮಾಡಿಸಬಹುದು. ನಟ್ ಕೂರುವ ತೂತಿನ ಸುತ್ತ, ಅಥವಾ ನಡುವಿನ ಡಿಸ್ಕ್ ಮತ್ತು ರಿಮ್ ಕೂಡುವ ವೆಲ್ಡಿಂಗ್ ಹತ್ತಿರ ಬಿರುಕಿದ್ದರೆ ಗುಜರಿಗೆ ಹಾಕಿ. ಕಾರಿನ ಸ್ಟೀಲ್ ರಿಮ್ ತೀರಾ ದುಬಾರಿಯಲ್ಲ.

ಅಲಾಯ್ ರಿಮ್ಮಿನ ಮೇಲೆ ಬರೀ ಗೀರು ಬಿದ್ದಿದ್ದರೆ ಉಜ್ಜಿ ಬಣ್ಣ ಹಾಕಿಸಬಹುದು. ಒಳ ಅಂಚಿನ ಸಣ್ಣ ಬೆಂಡನ್ನು ಹೈಡ್ರಾಲಿಕ್ ಯಂತ್ರದಲ್ಲಿ ನಿಧಾನವಾಗಿ ಒತ್ತಿ, ಬಿಸಿ ಅಳೆದು ತೆಗೆಯುವವರು ದೊಡ್ಡ ಊರುಗಳಲ್ಲಿ ಇದ್ದಾರೆ. ಹಾಗೆ ಮಾಡಿಸಿದರೂ ಬಿರುಕು ಹುಡುಕುವ ಬಣ್ಣದ ದ್ರವ ಹಚ್ಚಿ ಪರೀಕ್ಷಿಸಿದ್ದೀರಾ ಎಂದು ಕೇಳಿ. ಕಾಲುಗಳ ಮೇಲೆ ಅಥವಾ ನಟ್ ತೂತಿನ ಹತ್ತಿರ ಬಿರುಕಿದ್ದರೆ, ತುಂಡು ಹಾರಿದ್ದರೆ ಅದನ್ನು ವೆಲ್ಡ್ ಮಾಡಿಸಬೇಡಿ, ಬದಲಿಸಿ. ಗ್ಯಾಸ್ ಬೆಂಕಿ ಮತ್ತು ಸುತ್ತಿಗೆ ಎರಡೂ ಬೇಡ. ಹಲವು ಕಾರು ಕಂಪನಿಗಳ ಕೈಪಿಡಿಗಳು ಬೆಂಡಾದ ಅಲಾಯ್ ಗಾಲಿಯನ್ನು ಬದಲಿಸಿ ಎಂದೇ ಹೇಳುತ್ತವೆ.

ಬಿರುಕು ಬಿಟ್ಟು ಗಾಳಿ ಸೋರುವ ರಿಮ್ಮಿಗೆ ಒಳಗೆ ಟ್ಯೂಬ್ ಹಾಕಿಕೊಡುವ ರೂಢಿ ನಮ್ಮಲ್ಲಿದೆ. ಗಾಳಿ ನಿಲ್ಲುತ್ತದೆ, ಬಿರುಕು ನಿಲ್ಲುವುದಿಲ್ಲ. ಸೋರಿಕೆ ಎಂಬ ಎಚ್ಚರಿಕೆಯೂ ಇಲ್ಲದೆ ಅದು ಒಳಗೊಳಗೇ ಬೆಳೆಯುತ್ತದೆ.

ಯಾವ ರಿಮ್ಮೇ ಆಗಲಿ, ಟ್ರ್ಯಾಕ್ಟರ್ ಟ್ರೈಲರಿನದೇ ಆಗಲಿ, ಟೈರ್ ಇರುವಾಗ ಅದಕ್ಕೆ ಬೆಂಕಿ ಅಥವಾ ವೆಲ್ಡಿಂಗ್ ತಾಗಿಸಬಾರದು. ಬರೀ ಗಾಳಿ ಬಿಟ್ಟರೆ ಸಾಲದು. ಕಾದ ರಬ್ಬರಿನಿಂದ ಹೊತ್ತಿಕೊಳ್ಳುವ ಅನಿಲ ಹೊರಟು ಟೈರಿನೊಳಗೆ ಸೇರಿ ಸಿಡಿಯುತ್ತದೆ. ಟೈರನ್ನು ಪೂರ್ತಿ ಕಳಚಿ ಪಕ್ಕಕ್ಕಿಟ್ಟ ಮೇಲೆಯೇ ಕೆಲಸ.

ಗಾಳಿ ತುಂಬುವಾಗ ಗಾಲಿಯ ಎದುರು ನಿಲ್ಲಬೇಡಿ, ಬಗ್ಗಿ ನೋಡಬೇಡಿ, ಪಕ್ಕದಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಲಾರಿ ಗಾಲಿಗೆ ಪಂಜರ ಇಲ್ಲದ ಅಂಗಡಿಯವರು ದಪ್ಪ ಪೈಪಿನಿಂದ ತಾವೇ ಒಂದನ್ನು ಕಟ್ಟಿಕೊಳ್ಳಬಹುದು. ಟ್ರೈಲರ್ ಕಟ್ಟುವವರಿಗೆ ಪಂಜರ ಕಟ್ಟುವುದು ದೊಡ್ಡದಲ್ಲ.

ರಿಪೇರಿ ಆದ ಮೇಲೆ ಬ್ಯಾಲೆನ್ಸಿಂಗ್ ಮಾಡಿಸಿ. ನಟ್‌ಗಳನ್ನು ಸಾಲಾಗಿ ಬಿಗಿಯದೆ ಎದುರುಬದುರಾಗಿ ಬಿಗಿಯಲು ಹೇಳಿ, ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಿಸಿ. ಸ್ಟೇರಿಂಗ್ ನಡುಗಿದರೆ, ಒಂದೇ ಟೈರ್ ಪದೇ ಪದೇ ಗಾಳಿ ಕಳೆದುಕೊಂಡರೆ ರಿಮ್ಮಿನ ಒಳಭಾಗವನ್ನೇ ಮೊದಲು ನೋಡಿ. ಹೊರಗೆ ಹೊಳೆಯುವ ರಿಮ್ಮಿನ ಗಾಯ ಬಹಳ ಸಲ ಒಳಗಡೆ ಇರುತ್ತದೆ.

ನನ್ನ ಕಾರಿಗೆ ಈಗ ನಾಲ್ಕೂ ಸ್ಟೀಲ್ ರಿಮ್. ಗೆಳೆಯರು ನಗುತ್ತಾರೆ. ಆ ಅಂಗಡಿಯವನು ಅಲಾಯ್ ಬೆಂಡ್ ತೆಗೆಯುವುದನ್ನು ಬಿಟ್ಟಿದ್ದಾನೆ. ಒಡೆದ ನನ್ನ ರಿಮ್ಮಿನ ತುಂಡನ್ನು ಶೆಡ್ಡಿನ ಕಂಬಕ್ಕೆ ತಂತಿಯಿಂದ ಕಟ್ಟಿ ತೂಗುಹಾಕಿದ್ದಾನೆ. ಯಾರಾದರೂ ಕಾಯಿಸಿ ಬಡಿದು ಕೊಡು ಅಂತ ಒತ್ತಾಯ ಮಾಡಿದರೆ ಮೊದಲು ಅದನ್ನು ಅವರ ಕೈಗೆ ಕೊಡುತ್ತಾನೆ. ಕೆಳಗೆ ಅವನ ಅಜ್ಜನ ಅಡಿಗಲ್ಲು ಹಾಗೆಯೇ ಇದೆ. ಕುಡುಗೋಲು, ಕುಂಟೆಯ ಕುಡ, ಟ್ರೈಲರಿನ ಕೊಂಡಿ ಇವಕ್ಕೆಲ್ಲ ಅದು ಇನ್ನೂ ದಿನಾ ಬೇಕು.